ಹ್ಯೂಗೋ ಪ್ರಶಸ್ತಿ: ಓಟು ಹಾಕುವುದು ಸುಲಭ, ಎಣಿಸುವುದು ಕಷ್ಟ

ಓದುಗರೇ ಮತ ಹಾಕಿ ಕೊಡುವ ಸಾಹಿತ್ಯ ಪ್ರಶಸ್ತಿ ಅಂದರೆ ನಮ್ಮಲ್ಲಿ ಬಹಳ ಜನ ಮೂಗು ಮುರಿಯುತ್ತಾರೆ. ‘ಗುಂಪು ಕಟ್ಟಿದವನು ಗೆಲ್ಲುತ್ತಾನೆ, ಅಷ್ಟೇ ತಾನೇ?’ ಅನ್ನುತ್ತಾರೆ. ಆ ಅನುಮಾನದಲ್ಲಿ ಹುರುಳಿದೆ. ಆದರೆ ಆಯ್ಕೆ ಸಮಿತಿಯೇ ಮೇಲು ಎಂಬ ತೀರ್ಮಾನಕ್ಕೆ ಹಾರುವ ಮೊದಲು ಹ್ಯೂಗೋ ಪ್ರಶಸ್ತಿಯ ಎಣಿಕೆ ಪದ್ಧತಿಯನ್ನು ಒಮ್ಮೆ ಬಿಚ್ಚಿ ನೋಡಬೇಕು. ವೈಜ್ಞಾನಿಕ ಕಥೆ ಮತ್ತು ಫ್ಯಾಂಟಸಿ ಬರಹಕ್ಕೆ 1953ರಿಂದ ಕೊಡುತ್ತಿರುವ ಪ್ರಶಸ್ತಿ ಇದು. ನಡುವೆ 1954ರಲ್ಲಿ ಮಾತ್ರ ಕೊಡಲಿಲ್ಲ. ನಗದು ಇಲ್ಲ, ಒಂದು ರಾಕೆಟ್ ಆಕಾರದ ಟ್ರೋಫಿ. ಅದಕ್ಕಾಗಿ ನಡೆದಿರುವ ಜಗಳಗಳು ಮಾತ್ರ ವಿಧಾನಸಭೆ ಚುನಾವಣೆಗೆ ಕಡಿಮೆ ಇಲ್ಲ.

ಮತ ಹಾಕುವವರು ವರ್ಲ್ಡ್‌ಕಾನ್ ಎಂಬ ವಾರ್ಷಿಕ ಸಮ್ಮೇಳನದ ಸದಸ್ಯರು. ಸಮ್ಮೇಳನಕ್ಕೆ ಹೋಗಲೇಬೇಕೆಂದಿಲ್ಲ. ಸುಮಾರು 50 ಡಾಲರ್ ಕಟ್ಟಿದರೆ ಮತದ ಹಕ್ಕು ಸಿಗುತ್ತದೆ, ಶಿರಸಿಯಲ್ಲಿ ಕೂತವರಿಗೂ. ದುಡ್ಡು ಜಾಸ್ತಿ ಅನ್ನಿಸಿದರೆ ಒಂದು ಮಾತು: ಅಂತಿಮ ಪಟ್ಟಿಗೆ ಬಂದ ಕೃತಿಗಳಲ್ಲಿ ಹೆಚ್ಚಿನವು ಮತದಾರರಿಗೆ ಇ-ಪುಸ್ತಕವಾಗಿ ಬರುತ್ತವೆ. ಆ ಕಟ್ಟನ್ನು ಬಿಡಿಬಿಡಿಯಾಗಿ ಕೊಂಡರೆ ಅದೇ ದುಡ್ಡಿಗೆ ಮೂರ್ನಾಲ್ಕು ಪುಸ್ತಕ ಬಂದರೆ ಹೆಚ್ಚು.

ಕೆಲಸ ಎರಡು ಹಂತದಲ್ಲಿ ನಡೆಯುತ್ತದೆ: ನಾಮನಿರ್ದೇಶನ, ಆಮೇಲೆ ಅಂತಿಮ ಮತ. ಎಲ್ಲರ ಗಮನವೂ ಎರಡನೆಯದರ ಮೇಲೆ. ನನ್ನ ಪ್ರಕಾರ ಪ್ರಶಸ್ತಿಯ ಹಣೆಬರಹ ಬರೆಯುವುದು ಮೊದಲನೆಯದು, ಅದು ಕೆಡುವುದೂ ಅಲ್ಲೇ.

ಆದರೂ ಅಂತಿಮ ಮತದಿಂದಲೇ ಶುರು ಮಾಡೋಣ, ಅದು ನಮಗೆ ಗೊತ್ತಿರುವ ಪದ್ಧತಿ. ವಿಧಾನ ಪರಿಷತ್ತಿನ ಪದವೀಧರ, ಶಿಕ್ಷಕರ ಕ್ಷೇತ್ರಗಳ ಪ್ರಾಶಸ್ತ್ಯ ಮತ ಇದೆಯಲ್ಲ, ಹೆಚ್ಚುಕಮ್ಮಿ ಅದೇ. ಆರು ಕೃತಿಗಳಿಗೆ 1, 2, 3 ಎಂದು ಸಂಖ್ಯೆ ಕೊಡಬೇಕು. ಮೊದಲ ಪ್ರಾಶಸ್ತ್ಯದಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ ಕೊನೆಯ ಕೃತಿ ಹೊರಗೆ. ಆ ಮತಪತ್ರಗಳು ಅವುಗಳ ಮುಂದಿನ ಆಯ್ಕೆಗೆ ಹೋಗುತ್ತವೆ, ಮತ್ತೆ ಎಣಿಕೆ. ಇದರಿಂದಾಗಿ ಮೂವತ್ತು ಪರ್ಸೆಂಟ್ ಜನ ಕಣ್ಣಿಗೊತ್ತಿಕೊಂಡು ಉಳಿದ ಎಪ್ಪತ್ತು ಪರ್ಸೆಂಟ್ ಜನ ದ್ವೇಷಿಸುವ ಪುಸ್ತಕ ಗೆಲ್ಲುವುದು ಕಷ್ಟ.

ಇದರ ಜೊತೆಗೆ ಪಟ್ಟಿಯಲ್ಲಿ ‘ನೋ ಅವಾರ್ಡ್’ ಎಂಬ ಅಭ್ಯರ್ಥಿಯೂ ಇರುತ್ತದೆ. ನಮ್ಮ ನೋಟಾಗೆ ಎಷ್ಟೇ ಮತ ಬಿದ್ದರೂ ನಂತರದ ಅಭ್ಯರ್ಥಿ ಗೆದ್ದೇ ಗೆಲ್ಲುತ್ತಾನೆ. ಹ್ಯೂಗೋದ ನೋಟಾಗೆ ಹಲ್ಲಿದೆ: ಅದೇ ಗೆದ್ದರೆ ಆ ವರ್ಷ ಆ ವಿಭಾಗದಲ್ಲಿ ಪ್ರಶಸ್ತಿಯೇ ಇಲ್ಲ. ಹೊಸ ಮತದಾರರು ಎಡವುವುದು ಇಲ್ಲೇ. ಓದದ ಪುಸ್ತಕಗಳನ್ನು ಬದಿಗಿಡಲು ಎರಡು ಕೃತಿಗೆ ಸಂಖ್ಯೆ ಕೊಟ್ಟು ಮೂರನೆಯದಾಗಿ ನೋ ಅವಾರ್ಡ್ ಹಾಕಿಬಿಡುತ್ತಾರೆ. ಅದರ ಅರ್ಥ ‘ಉಳಿದ ನಾಲ್ಕಕ್ಕೂ ಯೋಗ್ಯತೆಯಿಲ್ಲ’ ಎಂದು! ಓದಿಲ್ಲದಿದ್ದರೆ ಸುಮ್ಮನೆ ಖಾಲಿ ಬಿಡಿ. ಓದಿ, ಇದು ಬೇಡವೇ ಬೇಡ ಅನ್ನಿಸಿದಾಗ ಮಾತ್ರ ಆ ಮನೆ ತುಂಬಿ.

ಇನ್ನು ನಾಮನಿರ್ದೇಶನ. ಪ್ರತಿ ವಿಭಾಗಕ್ಕೆ ಐದು ಹೆಸರು ಕೊಡಬಹುದು. ಹಿಂದೆ ಅತಿ ಹೆಚ್ಚು ಸಲ ಬಂದ ಐದು ಕೃತಿಗಳು ನೇರ ಅಂತಿಮ ಪಟ್ಟಿಗೆ ಹೋಗುತ್ತಿದ್ದವು. ಕೇಳಲು ನ್ಯಾಯವಾಗಿಯೇ ಇದೆ. ತೊಂದರೆ ಏನೆಂದರೆ, ವರ್ಷಕ್ಕೆ ಸಾವಿರಾರು ಸಣ್ಣಕಥೆ ಪ್ರಕಟವಾಗುತ್ತವೆ, ಓದುಗರ ಮೆಚ್ಚುಗೆ ಚೆಲ್ಲಾಪಿಲ್ಲಿಯಾಗುತ್ತದೆ. ಕನಿಷ್ಠ ಐದು ಪರ್ಸೆಂಟ್ ಮತಪತ್ರಗಳಲ್ಲಿ ಹೆಸರಿರಬೇಕು ಎಂಬ ನಿಯಮ ಆಗ ಇತ್ತು. ಅದನ್ನು ದಾಟಲಾಗದೆ 2013ರಲ್ಲಿ ಸಣ್ಣಕಥೆ ವಿಭಾಗದ ಅಂತಿಮ ಪಟ್ಟಿಯಲ್ಲಿ ಮೂರೇ ಕಥೆಗಳಿದ್ದವು. ಇಂಥ ಕಡೆ ನೂರಿನ್ನೂರು ಜನ ಒಂದೇ ಪಟ್ಟಿ ಹಿಡಿದು ಬಂದರೆ ತಡೆಯುವವರು ಯಾರು?

ಬಂದರು. 2015ರಲ್ಲಿ ‘ಸ್ಯಾಡ್ ಪಪ್ಪೀಸ್’, ‘ರ್‍ಯಾಬಿಡ್ ಪಪ್ಪೀಸ್’ ಎಂಬ ಎರಡು ಬಣಗಳು, ಪ್ರಶಸ್ತಿ ಎಡಪಂಥೀಯರ ಪಾಲಾಗಿದೆ ಎಂಬ ಸಿಟ್ಟಿನಲ್ಲಿ, ಸಿದ್ಧ ಪಟ್ಟಿ ಹಂಚಿದವು. ಒಟ್ಟು ನಾಮನಿರ್ದೇಶನ ಪತ್ರಗಳು 2,122. ಅದರಲ್ಲಿ ಒಂದು ಸಣ್ಣ ಪಾಲು ಇಟ್ಟುಕೊಂಡೇ ಕೆಲವು ವಿಭಾಗಗಳ ಐದಕ್ಕೆ ಐದೂ ಜಾಗ ಹಿಡಿದರು. ಅಂತಿಮ ಮತದ ಹೊತ್ತಿಗೆ ಸುದ್ದಿ ಹಬ್ಬಿ 5,950 ಜನ ಮತ ಹಾಕಿದರು. ಐದು ವಿಭಾಗಗಳಲ್ಲಿ ನೋ ಅವಾರ್ಡ್ ಗೆದ್ದಿತು. ಅದಕ್ಕೂ ಮುಂಚಿನ ಅರವತ್ತು ವರ್ಷಗಳಲ್ಲಿ ಹಾಗಾಗಿದ್ದು ಒಟ್ಟು ಐದೇ ಸಲ. ಅದೇ ವರ್ಷ ಪಟ್ಟಿಯವರ ಬೆಂಬಲದಿಂದ ಆಯ್ಕೆಯಾಗಿದ್ದ ಮಾರ್ಕೊ ಕ್ಲೋಸ್ ತಮ್ಮ ಕಾದಂಬರಿಯನ್ನು ಹಿಂತೆಗೆದುಕೊಂಡರು. ತೆರವಾದ ಜಾಗಕ್ಕೆ ಬಂದ ಲಿಯು ಸಿಷಿನ್ ಅವರ ‘ದಿ ತ್ರೀ-ಬಾಡಿ ಪ್ರಾಬ್ಲಂ’ ಪ್ರಶಸ್ತಿಯನ್ನೇ ಗೆದ್ದಿತು.

ಅಂದರೆ ಅಂತಿಮ ಹಂತದ ಬೇಲಿ ಗಟ್ಟಿಯಿತ್ತು, ಹೊಲ ಮಾತ್ರ ಅಷ್ಟರಲ್ಲಿ ಮೇಯ್ದು ಹೋಗಿತ್ತು. ಪಟ್ಟಿಯಿಲ್ಲದಿದ್ದರೆ ಒಳಗೆ ಬರಬಹುದಾಗಿದ್ದ ಕಥೆಗಳಿಗೆ ಆ ವರ್ಷ ಮತ್ತೆ ಬರಲಿಲ್ಲ.

ಮದ್ದು ಹುಡುಕಿದ್ದು ಎಣಿಕೆಯಲ್ಲಿ. ನಿಯಮ ಬದಲಾಗಬೇಕಾದರೆ ಸತತ ಎರಡು ವರ್ಷ ಒಪ್ಪಿಗೆ ಬೇಕು, ಹಾಗಾಗಿ ಹೊಸ ಪದ್ಧತಿ ಜಾರಿಗೆ ಬಂದದ್ದು 2017ರಲ್ಲಿ. ಅದು ಹೀಗಿದೆ. ಪ್ರತಿ ಮತಪತ್ರಕ್ಕೆ ಒಂದು ವಿಭಾಗದಲ್ಲಿ ಒಂದೇ ಅಂಕ. ಐದು ಹೆಸರು ಬರೆದರೆ ತಲಾ 0.2. ಅತಿ ಕಡಿಮೆ ಅಂಕದ ಎರಡು ಕೃತಿಗಳನ್ನು ಎದುರುಬದುರು ನಿಲ್ಲಿಸಿ, ಅವುಗಳಲ್ಲಿ ಕಡಿಮೆ ಮತಪತ್ರಗಳಲ್ಲಿ ಬಂದದ್ದನ್ನು ಹೊರಹಾಕುತ್ತಾರೆ. ಹೊರಬಿದ್ದ ಕೃತಿಯ ಪಾಲು ಅದೇ ಪತ್ರದ ಉಳಿದ ಹೆಸರುಗಳಿಗೆ ಹಂಚಿಹೋಗುತ್ತದೆ. ಆರು ಉಳಿಯುವವರೆಗೂ ಇದೇ ಆಟ.

ಲೆಕ್ಕ ಹಾಕಿ ನೋಡಿ. ನೂರು ಜನರ ಗುಂಪು ಅದೇ ಐದು ಹೆಸರು ಬರೆದರೆ ಒಂದೊಂದಕ್ಕೆ 20 ಅಂಕ. ಯಾವ ಗುಂಪಿಗೂ ಸೇರದ 70 ಓದುಗರು ಮೆಚ್ಚಿದ ಕಥೆಗೆ ಶುರುವಿನಲ್ಲಿ 14. ಆದರೆ ಆ ಎಪ್ಪತ್ತು ಪತ್ರಗಳಲ್ಲಿರುವ ಬೇರೆ ಹೆಸರುಗಳು ಬೇರೆಬೇರೆ. ಅವು ಬೇಗ ಉದುರುತ್ತವೆ, ಉದುರಿದಂತೆಲ್ಲ ಆ ಕಥೆಯ ಪಾಲು 0.2ರಿಂದ 0.25ಕ್ಕೆ, ಆಮೇಲೆ 0.33, 0.5ಕ್ಕೆ ಏರುತ್ತದೆ. 0.5 ಆದಾಗ ಅದರ ಅಂಕ 35. ಗುಂಪಿನ ಐದೂ 20ರಲ್ಲೇ ನಿಂತಿರುತ್ತವೆ, ಯಾಕೆಂದರೆ ಅವರಲ್ಲೇ ಒಬ್ಬರು ಬೀಳದೆ ಉಳಿದವರ ಅಂಕ ಏರುವುದಿಲ್ಲ. ಕಡೆಗೆ ತಳದ ಎರಡು ಸ್ಥಾನದಲ್ಲೂ ಗುಂಪಿನವರೇ ಸಿಕ್ಕಿ ತಮ್ಮತಮ್ಮಲ್ಲೇ ಹೊಡೆದಾಡಬೇಕು. ಗುಂಪಿಗೆ ಒಂದೆರಡು ಜಾಗ ಸಿಗಬಹುದು, ಪೂರ್ತಿ ಪಟ್ಟಿ ಸಿಗುವುದಿಲ್ಲ. ಇದಕ್ಕಿಂತ ಜಾಣ ಉಪಾಯ ನಾನು ಬೇರೆ ಸಾಹಿತ್ಯ ಪ್ರಶಸ್ತಿಯಲ್ಲಿ ಕಂಡಿಲ್ಲ. ಯಾರನ್ನೂ ‘ನೀನು ಗುಂಪಿನವನು’ ಎಂದು ಬೊಟ್ಟು ಮಾಡುವ ಅಗತ್ಯವೇ ಬೀಳುವುದಿಲ್ಲ ನೋಡಿ.

ಆದರೆ ಎಣಿಸುವವರೇ ಕೈಯಾಡಿಸಿದರೆ? 2023ರ ಅಕ್ಟೋಬರ್‌ನಲ್ಲಿ ಚೀನಾದ ಚೆಂಗ್ಡುವಿನಲ್ಲಿ ಸಮ್ಮೇಳನ ನಡೆಯಿತು. ನಾಮನಿರ್ದೇಶನದ ಅಂಕಿಅಂಶವನ್ನು ಬಹಿರಂಗ ಮಾಡಲು ನಿಯಮದಲ್ಲಿ 90 ದಿನದ ಗಡುವಿದೆ. ಅವರು ಗಡುವಿನ ತುದಿಯಲ್ಲಿ, 2024ರ ಜನವರಿ 20ಕ್ಕೆ ಬಿಟ್ಟರು. ನೋಡಿದರೆ ಆರ್. ಎಫ್. ಕ್ವಾಂಗ್ ಅವರ ‘ಬೇಬೆಲ್’ ಕಾದಂಬರಿಯ ಮುಂದೆ ‘ಅರ್ಹವಲ್ಲ’ ಎಂದಷ್ಟೇ ಇತ್ತು, ಕಾರಣ ಇಲ್ಲ. ಇದೇ ಬಗೆಯ ಬರಹಕ್ಕೆ ಕೊಡುವ ಇನ್ನೊಂದು ದೊಡ್ಡ ಪ್ರಶಸ್ತಿ ನೆಬ್ಯುಲಾವನ್ನು ಗೆದ್ದಿದ್ದ ಪುಸ್ತಕ ಅದು! ಮುಂದಿನ ತಿಂಗಳು ಸೋರಿಕೆಯಾದ ಮಿಂಚಂಚೆಗಳಲ್ಲಿ ಗೊತ್ತಾಯಿತು: ಆಡಳಿತ ತಂಡದವರು ಲೇಖಕರ ಬರಹ, ಓಡಾಟಗಳನ್ನು ಜಾಲಾಡಿ, ಚೀನಾಕ್ಕೆ ಇರಿಸುಮುರಿಸು ತರಬಹುದಾದದ್ದನ್ನು ಟಿಪ್ಪಣಿ ಮಾಡಿಕೊಂಡಿದ್ದರು. ಒಬ್ಬರ ಹೆಸರಿನ ಮುಂದೆ ‘ಟಿಬೆಟ್‌ಗೆ ಹೋಗಿದ್ದರು’ ಎಂದಿತ್ತು. ಆತ ಹೋಗಿದ್ದು ನೇಪಾಳಕ್ಕೆ.

ಈ ಹಗರಣ ತೋರಿಸಿ ಓದುಗರ ಪ್ರಶಸ್ತಿಯನ್ನೇ ಹಳಿಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ತಪ್ಪು ಮಾಡಿದ್ದು ಓದುಗರಲ್ಲ, ಬಾಗಿಲು ಮುಚ್ಚಿಕೊಂಡು ಕೂತ ನಾಲ್ಕಾರು ಜನ. ಬಯಲಾದದ್ದು ಅಂಕಿ ಪ್ರಕಟಿಸಲೇಬೇಕು ಎಂಬ ನಿಯಮವಿದ್ದುದರಿಂದ. ಆಯ್ಕೆ ಸಮಿತಿಯ ಕೊಠಡಿಯಲ್ಲಿ ಹೀಗಾಗಿದ್ದರೆ ಯಾವ ಕಾಗದ ಹೊರಬರುತ್ತಿತ್ತು?

2024ರಲ್ಲಿ ಸಮ್ಮೇಳನ ನಡೆಸಿದ ಗ್ಲಾಸ್ಗೋದವರು ಪಾಠ ಕಲಿತಿದ್ದರು. ಅಂತಿಮ ಮತಗಳಲ್ಲಿ 377 ನಕಲಿ ಎಂದು ಫಲಿತಾಂಶಕ್ಕೂ ಮುಂಚೆಯೇ ಹೇಳಿ ತೆಗೆದುಹಾಕಿದರು. ಸಿಕ್ಕಿಬಿದ್ದ ಬಗೆ ತಮಾಷೆಯಾಗಿದೆ: ಸಾಲಾಗಿ ಬಂದ ಕೆಲವು ಮತದಾರರ ಉಪನಾಮಗಳಲ್ಲಿ ಮೊದಲ ಅಕ್ಷರವಷ್ಟೇ ವರ್ಣಮಾಲೆಯ ಕ್ರಮದಲ್ಲಿ ಬದಲಾಗುತ್ತಿತ್ತು. ಇನ್ನೊಂದು ಸಾಲಿನವರ ಹೆಸರುಗಳು ಅನುಕ್ರಮ ಸಂಖ್ಯೆಗಳ ಅನುವಾದ. ಮತ ಕೊಳ್ಳಲು ದುಡ್ಡು ಸುರಿದವರಿಗೆ ಹೆಸರಿಡುವುದಕ್ಕೆ ಸೋಮಾರಿತನ! ಲಾಭವಾಗಬೇಕಿದ್ದ ಅಭ್ಯರ್ಥಿಯ ಹೆಸರನ್ನು ಹೇಳಲಿಲ್ಲ, ಅವರಿಗೆ ಇದು ಗೊತ್ತಿತ್ತು ಎಂಬುದಕ್ಕೆ ಪುರಾವೆ ಇರಲಿಲ್ಲವಲ್ಲ. ಅದು ಸರಿಯಾದ ನಡೆ.

ನಮ್ಮವರಿಗೆ ಕೆಲಸಕ್ಕೆ ಬರುವ ಒಂದು ನಿಯಮ ಹೇಳಿ ಮುಗಿಸುತ್ತೇನೆ. ಬೇರೆ ಭಾಷೆಯಲ್ಲಿ ಹುಟ್ಟಿದ ಕೃತಿ ಮೊದಲು ಪ್ರಕಟವಾದ ವರ್ಷದ ಲೆಕ್ಕದಲ್ಲಿ ಒಮ್ಮೆ, ಇಂಗ್ಲಿಷ್ ಅನುವಾದ ಮೊದಲು ಬಂದ ವರ್ಷದ ಲೆಕ್ಕದಲ್ಲಿ ಇನ್ನೊಮ್ಮೆ ಅರ್ಹವಾಗುತ್ತದೆ. ಲಿಯು ಅವರ ಕಾದಂಬರಿ ಚೀನಿಯಲ್ಲಿ ಪುಸ್ತಕವಾದದ್ದು 2008ರಲ್ಲಿ, ಇಂಗ್ಲಿಷಿಗೆ ಬಂದದ್ದು 2014ರಲ್ಲಿ. ಹಾಗಾಗಿ ಎಷ್ಟೋ ವರ್ಷದ ಹಿಂದಿನ ಕನ್ನಡ ವೈಜ್ಞಾನಿಕ ಕಥೆಯೊಂದು ಈ ವರ್ಷ ಮೊದಲ ಸಲ ಇಂಗ್ಲಿಷಿಗೆ ಬಂದರೆ ಮುಂದಿನ ವರ್ಷ ಅದನ್ನು ನಾಮನಿರ್ದೇಶನ ಮಾಡಬಹುದು. ಅದಕ್ಕೆ ಜನವರಿ 31ರೊಳಗೆ ಸದಸ್ಯರಾಗಿರಬೇಕು. ವಿಭಾಗ ನಿರ್ಧಾರವಾಗುವುದು ಪದಗಳ ಲೆಕ್ಕದಲ್ಲಿ: 7,500ರ ಒಳಗೆ ಸಣ್ಣಕಥೆ, 17,500ರವರೆಗೆ ನಾವೆಲೆಟ್, 40,000ದವರೆಗೆ ನಾವೆಲಾ, ಅದರ ಮೇಲೆ ಕಾದಂಬರಿ. ಕನ್ನಡದಲ್ಲಿ ಪ್ರತ್ಯಯವೆಲ್ಲ ಪದಕ್ಕೇ ಅಂಟಿಕೊಂಡಿರುವುದರಿಂದ ನಮ್ಮ 6,000 ಪದಗಳ ಕಥೆ ಇಂಗ್ಲಿಷಿಗೆ ಹೋದಾಗ ಸುಲಭವಾಗಿ 7,500 ದಾಟೀತು. ಅನುವಾದದ ಪದಗಳನ್ನು ಎಣಿಸಿಕೊಂಡೇ ವಿಭಾಗ ಬರೆಯಿರಿ.