ಗೋಡೆಗೆ ಬೂದು ಬಣ್ಣ, ಗೇಟಿಗೆ ಬೀಗ

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ಬರೆದುಬಿಟ್ಟರೆ ನಿದ್ದೆಯಾದರೂ ಬರುತ್ತದೆ ಅಂತ ಕೂತಿದ್ದೇನೆ. ಉದ್ದ ಆಗುತ್ತದೆ. ಟೈಮ್ ಇಲ್ಲದವರು ಒಂದು ಲೈಕ್ ಒತ್ತಿ ಮುಂದೆ ಹೋಗಿ, ಬೇಜಾರಿಲ್ಲ.

ನಮ್ಮ ಲೇಔಟ್ ಪಾರ್ಕಿನ ಕಾಂಪೌಂಡ್ ಗೋಡೆಗೆ ಬಣ್ಣ ಬಳಿದಿದ್ದಾರೆ. ಬೂದು ಬಣ್ಣ. ಈ ತುದಿಯಿಂದ ಆ ತುದಿವರೆಗೆ. ನಿವಾಸಿಗಳ ಸಂಘದ ವಾಟ್ಸಾಪ್ ಗ್ರೂಪಿನಲ್ಲಿ 'ಪಾರ್ಕ್ ಬ್ಯೂಟಿಫಿಕೇಶನ್ ಕಂಪ್ಲೀಟೆಡ್' ಅಂತ ಫೋಟೋ ಬಂತು, ಅದರ ಕೆಳಗೆ ಸಾಲು ಸಾಲು ಚಪ್ಪಾಳೆ. ಬ್ಯೂಟಿಯಂತೆ!

ಅಲ್ಲಿ ಮೊದಲು ಏನಿತ್ತು ಅಂತ ನಮ್ಮ ಮನೆಗೆ ಬಂದವರಿಗೆಲ್ಲ ಗೊತ್ತು. ಲಾಕ್‌ಡೌನ್ ಎಲ್ಲಾ ಮುಗಿದು ಶಾಲೆ ತೆರೆದ ಮೇಲೆ ಪಕ್ಕದ ಸರ್ಕಾರಿ ಶಾಲೆಯ ಮಕ್ಕಳು, ಚಿತ್ರಕಲೆ ಓದುತ್ತಿದ್ದ ಒಂದಿಬ್ಬರು ಹುಡುಗರ ಜೊತೆ ಸೇರಿ ಬಿಡಿಸಿದ ಚಿತ್ರಗಳು. ಒಂದು ಬಿಎಂಟಿಸಿ ಬಸ್ಸು ಇತ್ತು, ಅದರಲ್ಲಿ ಡ್ರೈವರ್‌ಗಿಂತ ಕಂಡಕ್ಟರ್ ಎರಡು ಪಟ್ಟು ದೊಡ್ಡವನು. ಕೊಕ್ಕು ಜಾಸ್ತಿಯಾಗಿ ಮುಂದಕ್ಕೆ ಮುಗ್ಗರಿಸುವ ಹಾಗಿದ್ದ ಒಂದು ಮಂಗಟ್ಟೆ ಹಕ್ಕಿ ಇತ್ತು. ಆಮೇಲೆ, ಬಸ್ಸಿನ ಹಿಂದಿನ ಚಕ್ರದ ಕೆಳಗೆ ಯಾರೋ ಇದ್ದಿಲಿನಲ್ಲಿ ಬರೆದಿದ್ದರು: 'ಗಣಿತ ಪಾಸ್. ದೇವರಾಣೆ.'

ಅಷ್ಟೇ. ಹೆಸರಿಲ್ಲ, ಇಸವಿ ಇಲ್ಲ. ಮೊದಲ ಸಲಕ್ಕೇ ಪಾಸಾಯಿತೋ, ಸಪ್ಲಿಮೆಂಟರಿಯಲ್ಲೋ, ಅದೂ ಗೊತ್ತಿಲ್ಲ. ಮನೆಯಲ್ಲಿ ಹೇಳಿದರೆ ನಂಬುವವರಿಲ್ಲ ಅಂತ ಗೋಡೆಗೆ ಹೇಳಿ ಹೋಗಿರಬೇಕು. ಆಫೀಸಿನಲ್ಲಿ ಉಗಿಸಿಕೊಂಡು ಬಂದ ಎಷ್ಟೋ ಸಂಜೆ ನಾನು ಆ ಸಾಲು ಓದಿಯೇ ಮನೆ ಕಡೆ ತಿರುಗಿದ್ದೇನೆ. ಯಾವ ಮೋಟಿವೇಶನಲ್ ಸ್ಪೀಕರ್ ಕೂಡ ನನಗೆ ಅಷ್ಟು ಮಾಡಿಲ್ಲ. ಈಗ ಅದರ ಮೇಲೆ ಎರಡು ಕೋಟ್ ಬೂದು ಬಣ್ಣ.

ಇನ್ನೂ ಇದೆ, ತಡೆಯಿರಿ. ಗೋಡೆ 'ನೀಟ್' ಆಯಿತಲ್ಲ, ಅದನ್ನು ಕಾಯಬೇಕಲ್ಲ, ಹಾಗಾಗಿ ಗೇಟಿಗೆ ಬೀಗ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ. ಮಧ್ಯಾಹ್ನ ಹಾಲು ತರಲು ಹೋದೆ. ಡೆಲಿವರಿ ಹುಡುಗನೊಬ್ಬ ಆ ಗೇಟಿಗೇ ಬೆನ್ನು ಕೊಟ್ಟು ಫುಟ್‌ಪಾತ್ ಮೇಲೆ ಕೂತು ಡಬ್ಬಿ ಬಿಚ್ಚಿದ್ದ. ಚಿತ್ರಾನ್ನ. ಪಕ್ಕದಲ್ಲಿ ಅಂಗಾತ ಇಟ್ಟ ಹೆಲ್ಮೆಟ್ಟು, ಉರುಳಬಾರದು ಅಂತ ಅದರೊಳಗೆ ನೀರಿನ ಬಾಟಲಿ. ಸರಳುಗಳ ಆಚೆ, ಅವನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಹೊಂಗೆ ಮರದ ನೆರಳಲ್ಲಿ ಒಂದು ಕಲ್ಲು ಬೆಂಚು. ಖಾಲಿ. ಅದರ ಮೇಲೆ ಯಾರೋ ತಮ್ಮ ತಾಯಿಯ ಸ್ಮರಣಾರ್ಥ ಅಂತ ಕೆತ್ತಿಸಿದ್ದಾರೆ. ಆ ತಾಯಿ ಬದುಕಿದ್ದರೆ ಏನು ಮಾಡುತ್ತಿದ್ದರು ಹೇಳಿ? 'ಬಿಸಿಲಲ್ಲಿ ಯಾಕಪ್ಪ ಕೂತಿದ್ದೀಯ, ಒಳಗೆ ಬಾ' ಅನ್ನುತ್ತಿರಲಿಲ್ವಾ?

ಪಾರ್ಕುಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕು ಅಂತ 2024ರಲ್ಲೇ ಆಗಿನ ಬಿಬಿಎಂಪಿ ಹೇಳಿತ್ತು. ಆಗಲೂ ಕೆಲವು ಬಡಾವಣೆಯವರು 'ಅಯ್ಯೋ ಬೇಡ, ಯಾರ್‍ಯಾರೋ ಬರ್ತಾರೆ' ಅಂತ ಎದ್ದು ನಿಂತರು. ಆಮೇಲೆ ಬಿಬಿಎಂಪಿಯೇ ಹೋಗಿ ಐದು ಪಾಲಿಕೆ ಬಂದವು. ನಮ್ಮ ಸಂಘದ ಬೀಗ ಮಾತ್ರ ಸಂಘದ ಬೀಗವೇ. ಈ 'ಯಾರ್‍ಯಾರೋ' ಯಾರು ಅಂತ ನಾನು ಗ್ರೂಪಿನಲ್ಲಿ ಕೇಳಿದೆ. ಉತ್ತರ ಬರಲಿಲ್ಲ. ಒಬ್ಬರು ಕೈ ಮುಗಿಯುವ ಎಮೋಜಿ ಹಾಕಿದರು.

ನನಗೆ ಯಾಕೆ ಇಷ್ಟು ಉರಿಯುತ್ತದೆ ಅಂತ ಹಳೆಯ ಸ್ನೇಹಿತರಿಗೆ ಗೊತ್ತು. ನಮ್ಮ ಕಾಕಾ ಗದಗಿನಲ್ಲಿ ಬೋರ್ಡ್ ಬರೆಯುತ್ತಿದ್ದವರು. ಗೋಡೆ ಬರಹ, ಅಂಗಡಿ ಬೋರ್ಡು, ಲಾರಿಯ ಹಿಂದಿನ ಹದ್ದು, ಎಲ್ಲಾ. ಸೀಮೆಸುಣ್ಣ ತಿಕ್ಕಿದ ದಾರದ ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದು ತುದಿ ತಾವು ಬಿಗಿಹಿಡಿದು, ಮಧ್ಯೆ ಎಳೆದು ಟಪ್ ಅಂತ ಬಿಟ್ಟರೆ ಗೋಡೆ ಮೇಲೆ ನೇರ ಬಿಳಿ ಗೆರೆ. ಅಕ್ಷರಗಳು ಆ ಗೆರೆ ಮೇಲೆ ಬಂದು ಕೂರುತ್ತಿದ್ದವು. ಫ್ಲೆಕ್ಸ್ ಬಂತು, ಕಾಕಾನ ಬ್ರಶ್ಶುಗಳು ಟರ್ಪೆಂಟೈನ್ ಡಬ್ಬಿಯಲ್ಲೇ ಒಣಗಿ ನಿಂತವು. ಅವರೊಬ್ಬರ ಕತೆಯಲ್ಲ ಇದು. ಬೆಂಗಳೂರಿನಲ್ಲಿ ಸಿನಿಮಾ ಹೋರ್ಡಿಂಗ್ ಬರೆಯುತ್ತಿದ್ದವರದ್ದೂ ಇದೇ ಗತಿ. 2009ರ ಸುಮಾರಿಗೆ ಪಾಲಿಕೆ ಅಂಥವರನ್ನೇ ಕರೆದು ಊರಿನ ಗೋಡೆಗಳ ಮೇಲೆ ಚಿತ್ರ ಬರೆಸಿತು. ಹಂಪಿಯ ಕಲ್ಲಿನ ರಥ, ಯಕ್ಷಗಾನ, ಜೋಗ, ಹುಲಿ, ಆನೆ. ಆಗ ಕಲೆ ಬಲ್ಲವರು ಕೆಲವರು ಮೂಗು ಮುರಿದರು, ಕ್ಯಾಲೆಂಡರ್ ಚಿತ್ರ ಅಂದರು. ನಿಜ, ಕೆಲವು ಹುಲಿಗಳ ಮುಖ ನಮ್ಮ ಊರಿನ ಗೌಡರ ಹಾಗೆ ಇತ್ತು. ಆದರೆ ಕೆಲಸ ಹೋದ ಮನುಷ್ಯನ ಕೈಗೆ ಮತ್ತೆ ಬ್ರಶ್ ಬಂತಲ್ಲ, ಅದನ್ನು ಯಾರೂ ನೋಡಲಿಲ್ಲ. ನಾನು ಸಿಟಿ ಬಸ್ಸಿನ ಕಿಟಕಿಯಿಂದ ಆ ಹುಲಿಗಳನ್ನು ನೋಡಿ ಕಾಕಾನಿಗೆ ಫೋನ್ ಮಾಡಿ ವರ್ಣನೆ ಮಾಡುತ್ತಿದ್ದೆ.

ಗೋಡೆ ಮೇಲಿನ ಚಿತ್ರದಿಂದ ಏನಾಗುತ್ತೆ ಅಂತ ಕೇಳುವವರಿಗೆ: ಗುಂಡಿ ಮುಚ್ಚುತ್ತದೆ ಸ್ವಾಮಿ. ನಮ್ಮ ಮೈಸೂರಿನ ಕಾವಾ ಅನ್ನೋ ಚಿತ್ರಕಲಾ ಕಾಲೇಜಿನಲ್ಲಿ ಕಲಿತ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆ ಗುಂಡಿಗೆ ಮೊಸಳೆ ತಂದು ಬಿಟ್ಟರು, ನೆನಪಿದೆಯಾ? ಫೈಬರ್ ಮೊಸಳೆ, ಸುತ್ತ ನೀರಿನ ಬಣ್ಣ. ಎಷ್ಟೋ ದಿನದಿಂದ ಬಾಯಿ ಬಡಿದುಕೊಂಡರೂ ಆಗದ ಕೆಲಸ, ಮೊಸಳೆ ಫೋಟೋ ಪೇಪರಿನಲ್ಲಿ ಬಂದ ಮೇಲೆ ಆಯಿತು. 2019ರಲ್ಲಿ ಚಂದ್ರಯಾನದ ಗದ್ದಲದ ನಡುವೆ ಹೇರೋಹಳ್ಳಿ ಕಡೆಯ ರಸ್ತೆಯನ್ನೇ ಚಂದ್ರ ಮಾಡಿ, ಅದರ ಮೇಲೆ ಗಗನಯಾತ್ರಿ ವೇಷದಲ್ಲಿ ಒಬ್ಬರನ್ನು ನಡೆಸಿದರು. ಪಕ್ಕದಲ್ಲಿ ಆಟೋ ಹೋಗುವವರೆಗೂ ಅದು ಚಂದ್ರನೇ. ನಾವು ತೆರಿಗೆ ಕಟ್ಟಿ, ಅರ್ಜಿ ಕೊಟ್ಟು, ಕಾದು, ಬೈದುಕೊಂಡು ಸುಮ್ಮನಾಗುವ ಜನ. ಅವರು ಒಂದು ಡಬ್ಬಿ ಬಣ್ಣ ಹಿಡಿದು ಬಂದರು, ಅಷ್ಟೇ ವ್ಯತ್ಯಾಸ.

ಕೆ.ಆರ್. ಮಾರ್ಕೆಟ್ ಹತ್ತಿರ ಅರವಾಣಿ ಆರ್ಟ್ ಪ್ರಾಜೆಕ್ಟ್‌ನವರು ಬರೆದ ಗೋಡೆಯನ್ನೂ ಹೇಳಬೇಕು. 2016ರಲ್ಲಿ ಪೂರ್ಣಿಮಾ ಸುಕುಮಾರ್ ಶುರು ಮಾಡಿದ್ದು, ಲಿಂಗತ್ವ ಅಲ್ಪಸಂಖ್ಯಾತ ಹೆಣ್ಣುಮಕ್ಕಳೇ ಏಣಿ ಹತ್ತಿ ಬಣ್ಣ ಬಳಿಯುತ್ತಾರೆ. ಸಿಗ್ನಲ್‌ನಲ್ಲಿ ಅವರು ಬಂದರೆ ನಾವು ಕಾರಿನ ಗಾಜು ಏರಿಸುತ್ತೇವೆ, ಅಲ್ವಾ? ಗೋಡೆ ಮೇಲೆ ಅಷ್ಟು ದೊಡ್ಡ ಮುಖ ಇದ್ದರೆ ಯಾವ ಗಾಜು ಏರಿಸುತ್ತೀರಿ?

ಗೋಡೆ ಹೀಗಾದರೆ ಬಾಗಿಲ ಕತೆ ಇನ್ನೊಂದು. ನಮ್ಮ ಅವ್ವ ದೀಪ ಹಚ್ಚುವ ಹೊತ್ತಿಗೆ ಹಿತ್ತಲ ಬಾಗಿಲು ಹಾಕಿ ಮುಂಬಾಗಿಲು ಪೂರ್ತಿ ತೆರೆಯುತ್ತಿದ್ದಳು, ಲಕ್ಷ್ಮಿ ಬರುವ ಹೊತ್ತು ಅಂತ. ಲಕ್ಷ್ಮಿ ಬಂದಳೋ ಇಲ್ಲವೋ, ಕಟ್ಟೆ ಮೇಲೆ ಕೂತವರು ಮಾತ್ರ ಬರುತ್ತಿದ್ದರು, ಚಹಾ ಕುಡಿದೇ ಹೋಗುತ್ತಿದ್ದರು. ಈಗಿನ ಅಪಾರ್ಟ್‌ಮೆಂಟಿಗೆ ಲಕ್ಷ್ಮಿ ಬಂದರೆ ಸೆಕ್ಯುರಿಟಿಯವರು ಫ್ಲಾಟ್ ನಂಬರ್ ಕೇಳುತ್ತಾರೆ, ಫೋಟೋ ಹೊಡೆಯುತ್ತಾರೆ, ಒಟಿಪಿ ಬರುವವರೆಗೆ ಬಿಸಿಲಲ್ಲಿ ನಿಲ್ಲಿಸುತ್ತಾರೆ. ಆಮೇಲೆ ಸರ್ವಿಸ್ ಲಿಫ್ಟ್ ತೋರಿಸುತ್ತಾರೆ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಸುತ್ತ ದೆವ್ವ ಬಂದು ಬಾಗಿಲು ತಟ್ಟುತ್ತದೆ ಅಂತ ಮನೆ ಮನೆ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದಿದ್ದರಲ್ಲ, ಆ ಜನ ಎಷ್ಟೋ ವಾಸಿ. ದೆವ್ವಕ್ಕೂ ಮರ್ಯಾದೆಯಿಂದ 'ನಾಳೆ ಬಾ' ಅಂದಿದ್ದರು. ನಾವು ಮನುಷ್ಯರಿಗೆ ಬರೆಯುವುದೇನು? 'ಅತಿಕ್ರಮ ಪ್ರವೇಶ ಶಿಕ್ಷಾರ್ಹ'. 'ನಾಯಿ ಇದೆ ಎಚ್ಚರಿಕೆ'. ನಾಯಿ ಎಷ್ಟೋ ಮನೆಗಳಲ್ಲಿ ಇರುವುದೂ ಇಲ್ಲ.

ಒಂದು ವಿಷಯ ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ, ಈಗ ಹೇಳಿಬಿಡುತ್ತೇನೆ. ಬೆಂಗಳೂರಿಗೆ ಬಂದ ಹೊಸತರಲ್ಲಿ ಕೆಲಸ ಇರಲಿಲ್ಲ. ಪಿಜಿ ಅಂಕಲ್ ಬಾಡಿಗೆ ಕೇಳುತ್ತಾರೆ ಅಂತ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿ, ಫೈಲ್ ಹಿಡಿದು, ಇಂಟರ್‌ವ್ಯೂ ಇದೆ ಅಂತ ಹೇಳಿ ಹೊರಡುತ್ತಿದ್ದೆ. ಹೋಗುತ್ತಿದ್ದದ್ದು ಕಬ್ಬನ್ ಪಾರ್ಕಿನ ಆ ಕೆಂಪು ಕಟ್ಟಡಕ್ಕೆ, ಶೇಷಾದ್ರಿ ಅಯ್ಯರ್ ಹೆಸರಿನ ಲೈಬ್ರರಿಗೆ. ಬಾಗಿಲು ತೆರೆದಿರುತ್ತಿತ್ತು. ನೀನು ಯಾರು, ಯಾಕೆ ಬಂದೆ, ಎಷ್ಟೊತ್ತು ಕೂರುತ್ತೀಯ ಅಂತ ಒಬ್ಬರೂ ಕೇಳಲಿಲ್ಲ. ಪೇಪರಿನ ಪುಟಗಳನ್ನು ಒಂದೊಂದಾಗಿ ಮೂರು ಜನ ಹಂಚಿಕೊಂಡು ಓದುತ್ತಿದ್ದೆವು. ಪಕ್ಕದಲ್ಲಿ ಕೂತು ತೂಕಡಿಸುತ್ತಿದ್ದ ಮುದುಕರನ್ನೂ ಯಾರೂ ಎಬ್ಬಿಸುತ್ತಿರಲಿಲ್ಲ. ಆ ಬಾಗಿಲಿಗೆ ಹತ್ತರಿಂದ ನಾಲ್ಕು ಬೀಗ ಇದ್ದಿದ್ದರೆ ನಾನು ಗದಗಿನ ಬಸ್ ಹತ್ತಿ ವಾಪಸ್ ಹೋಗಿರುತ್ತಿದ್ದೆ. ಫುಟ್‌ಪಾತ್ ಮೇಲೆ ಚಿತ್ರಾನ್ನ ತಿನ್ನುತ್ತಿದ್ದ ಹುಡುಗನನ್ನು ನೋಡಿ ಹೊಟ್ಟೆಯಲ್ಲಿ ಸಂಕಟ ಆಗಿದ್ದು ಇದಕ್ಕೇ. ಗೊತ್ತಾಯಿತಲ್ಲ?

ಸರಿ, ಈಗ ಕಾಮೆಂಟಿನಲ್ಲಿ ಬರುವುದು ಏನು ಅಂತ ನನಗೆ ಗೊತ್ತು. ಸೇಫ್ಟಿ. ಕಳ್ಳತನ ಆಗುತ್ತದೆ, ಗುಟ್ಕಾ ಉಗಿಯುತ್ತಾರೆ, ಪ್ರೇಮಿಗಳು ಕೂರುತ್ತಾರೆ. ಹೌದು, ಉಗಿಯುತ್ತಾರೆ. ಆದರೆ ಚಿತ್ರ ಇದ್ದಷ್ಟು ದಿನ ಆ ಮಂಗಟ್ಟೆ ಹಕ್ಕಿ ಮೇಲೆ ಒಂದು ಹನಿ ಉಗುಳು ಬಿದ್ದಿರಲಿಲ್ಲ. ಬೂದು ಗೋಡೆಯ ಮೂಲೆಯಲ್ಲಿ ಇವತ್ತು ಸಂಜೆಯೇ ಒಂದು ಕೆಂಪು ಚಿಲುಮೆ ಬಂದಿದೆ, ಹೋಗಿ ನೋಡಿ. ಇನ್ನು ಪ್ರೇಮಿಗಳು. ಅವರು ಕೂರಲಿ ಬಿಡಿ, ನಿಮಗೇನು ನೋವು?

ಇನ್ನೊಂದು ವಾದ, ಇದು ಸ್ವಲ್ಪ ಓದಿದವರದ್ದು. ಹಾಗಾದರೆ ಹಂಪಿ ಕಂಬದ ಮೇಲೆ ಹೆಸರು ಕೆತ್ತುವವರನ್ನೂ ಹೊಗಳುತ್ತೀಯಾ ಅಂತ. ಇಲ್ಲ. ಇನ್ನೊಬ್ಬರು ಮಾಡಿದ ಕೆಲಸದ ಮೇಲೆ ಗೀಚುವವನು ಬೇರೆ, ಖಾಲಿ ಗೋಡೆಗೆ ಮಾತು ಕೊಡುವವನು ಬೇರೆ. ಅಷ್ಟಕ್ಕೂ ಬಂಡೆ ಕಂಡರೆ ಬರೆಯುವುದು ನಮ್ಮವರಿಗೆ ಹೊಸದೇನಲ್ಲ. ಶ್ರವಣಬೆಳಗೊಳದ ಬಂಡೆಗಳ ಮೇಲೆ ನಾನೂ ಬಂದಿದ್ದೆ ಅಂತ ಹೆಸರು ಬರೆದು ಹೋದ ಯಾತ್ರಿಕರು ಎಷ್ಟು ಜನ! ಇವತ್ತು ಅವೆಲ್ಲ ಶಾಸನ. ಬಾದಾಮಿಯಲ್ಲಿ ಕೆರೆ ಮೇಲಿನ ಬಂಡೆಗೆ ಸುಮಾರು 700ನೇ ಇಸವಿಯಲ್ಲಿ ಕಪ್ಪೆ ಅರಭಟ್ಟನ ತ್ರಿಪದಿ ಕೆತ್ತಿದರು. ಒಳ್ಳೆಯವರಿಗೆ ಒಳ್ಳೆಯವನು, ಕಾಡುವವರಿಗೆ ಕಲಿಯುಗ ವಿಪರೀತ ಅನ್ನೋ ಧಾಟಿಯ ಬರಹ ಅದು. ಪಠ್ಯಪುಸ್ತಕದಲ್ಲಿ ಬಾಯಿಪಾಠ ಮಾಡಿದ್ದೀರಿ. ಆಗ ಅಲ್ಲೊಂದು ನಿವಾಸಿಗಳ ಸಂಘ ಇದ್ದಿದ್ದರೆ ಅದಕ್ಕೂ ಎರಡು ಕೋಟ್ ಹೊಡೆಸುತ್ತಿದ್ದರು.

ಕಾನೂನೂ ಇದೆ ಅಂತ ಒಬ್ಬರು ಗ್ರೂಪಿನಲ್ಲಿ ನೆನಪಿಸಿದರು. 1981ರ ಕಾಯ್ದೆ, ತೆರೆದ ಸ್ಥಳಗಳ ವಿರೂಪ ತಡೆಯುವುದು. ಗೊತ್ತು ಸಾರ್. 2018ರಲ್ಲಿ ಹೈಕೋರ್ಟ್ ಛೀಮಾರಿ ಹಾಕಿದ ಮೇಲೆ ಊರಿನ ಫ್ಲೆಕ್ಸ್‌ಗಳನ್ನೆಲ್ಲ ಕಿತ್ತಿದ್ದೂ ಗೊತ್ತು. ಈಗ ನಮ್ಮ ಸರ್ಕಲ್‌ನಲ್ಲಿ ನಿಂತು ತಲೆ ಎತ್ತಿ ನೋಡಿ. ಹುಟ್ಟುಹಬ್ಬದ ಶುಭಾಶಯ, ಕೈ ಮುಗಿದು ನಿಂತ ಅಣ್ಣ, ಸುತ್ತ ಪಾಸ್‌ಪೋರ್ಟ್ ಸೈಜಿನ ಮೂವತ್ತು ತಮ್ಮಂದಿರು. ಅದು ವಿರೂಪ ಅಲ್ಲ. ಮಕ್ಕಳು ಬರೆದ ಬಸ್ಸು ವಿರೂಪ. ಅಣ್ಣನ ಫ್ಲೆಕ್ಸ್ ಮುಟ್ಟಲು ಧೈರ್ಯ ಬೇಕು, ಮಕ್ಕಳ ಬಸ್ಸಿಗೆ ಬೂದು ಬಳಿಯಲು ರೋಲರ್ ಸಾಕು.

ಸಂಜೆ ಕಾಕಾನಿಗೆ ಫೋನ್ ಮಾಡಿ ಎಲ್ಲಾ ಕಕ್ಕಿದೆ. ನನ್ನ ಹಾಗೆ ಅವರೂ ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಕೆಳಗ ಪ್ರೈಮರ್ ಹೊಡದಾರೇನು?"

ಹೊಡೆದಿದ್ದಾರೆ, ಖರ್ಚಿನ ಲೆಕ್ಕದಲ್ಲಿ ಬರೆದಿದ್ದಾರೆ ಅಂದೆ.

"ಮತ್ಯಾಕ ಅಳತಿ? ಪ್ರೈಮರ್ ಹೊಡದು, ಎರಡ ಕೋಟ್ ಕೊಟ್ಟು, ಗ್ವಾಡಿ ತಯಾರ ಮಾಡಿ ಇಟ್ಟಾರ. ನಾವು ಕೈಯಿಂದ ರೊಕ್ಕಾ ಹಾಕಿ ಮಾಡಬೇಕಾಗಿತ್ತು. ಬೂದಿ ಮ್ಯಾಲ ಹಳದಿ ಭಾಳ ಚಲೋ ಏಳತೈತಿ."

ಹಾಗಾಗಿ ವಿಷಯ ಏನಪ್ಪಾ ಅಂದರೆ, ಭಾನುವಾರ ಹನ್ನೊಂದಕ್ಕೆ ಸಂಘದ ಮೀಟಿಂಗ್ ಇದೆ. ನಾನು ಎರಡು ಅರ್ಜಿ ಬರೆದಿಟ್ಟಿದ್ದೇನೆ, ಒಂದು ಗೇಟಿಗೆ, ಒಂದು ಗೋಡೆಗೆ. ಶಾಲೆಯ ಹೆಡ್‌ಮಿಸ್ ಹತ್ತಿರ ಮಾತಾಡಿದ್ದೇನೆ, ಮಕ್ಕಳನ್ನು ಕಳಿಸುತ್ತಾರಂತೆ. ಲೇಔಟಿನವರು ಯಾರಾದರೂ ಇದನ್ನು ಓದುತ್ತಿದ್ದರೆ ಬಂದು ಸಹಿ ಹಾಕಿ, ಸುಮ್ನೆ ಇಲ್ಲಿ ಹಾರ್ಟ್ ಒತ್ತಬೇಡಿ. ಮನೆಯಲ್ಲಿ ಅರ್ಧ ಉಳಿದ ಪೇಂಟ್ ಡಬ್ಬಿ ಇದ್ದವರು ಎಸೆಯಬೇಡಿ, ಇನ್‌ಬಾಕ್ಸ್ ಮಾಡಿ. ಹಳದಿ ಇದ್ದರೆ ಮೊದಲು. ಕಾಕಾ ಬರುತ್ತಾರೆ. ಕೂಲಿ ಬೇಡವಂತೆ. ಸ್ಲೀಪರ್ ಬಸ್ಸಿನಲ್ಲಿ ಕೆಳಗಿನ ಸೀಟೇ ಬೇಕಂತೆ, ಮಂಡಿ ನೋವು.