ಹಾರ ಆಮೇಲೆ, ಮುಂಗಡ ಮೊದಲು

ಬಾನು ಮುಷ್ತಾಕ್ ಅವರ ಕನ್ನಡ ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ ನಿಮ್ಮ ಮನೆಯಲ್ಲಿದ್ದರೆ ಒಮ್ಮೆ ಮೊದಲ ಪುಟಗಳನ್ನು ತೆರೆದು ನೋಡಿ. ಹಕ್ಕು, ಮುದ್ರಣ ಅಂತೆಲ್ಲ ಸಣ್ಣಕ್ಷರದಲ್ಲಿರುವ ಪುಟವನ್ನು ನಾವು ಸಾಮಾನ್ಯವಾಗಿ ಓದುವುದೇ ಇಲ್ಲ. ಇಂಗ್ಲಿಷ್ ಪೆನ್ ಎಂಬ ಬರಹಗಾರರ ಸಂಸ್ಥೆ ಈ ಅನುವಾದಕ್ಕೆ ನೆರವು ಕೊಟ್ಟ ವಿಷಯ ಇರುವುದು ಅಲ್ಲಿ. ಆ ನೆರವಿನ ಹಿಂದೆ ಇರುವುದು ಕಲೆಗೆ ಹಣ ಹಂಚುವ ಆರ್ಟ್ಸ್ ಕೌನ್ಸಿಲ್ ಇಂಗ್ಲೆಂಡ್. ಅದಕ್ಕೆ ಹಣ ಬರುವುದು ಸರ್ಕಾರದ ಖಜಾನೆಯಿಂದ ಮತ್ತು ಲಾಟರಿಯಿಂದ. ನಾನು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹನ್ನೆರಡು ವರ್ಷದಿಂದ ತೆರಿಗೆ ಕಟ್ಟುತ್ತಿದ್ದೇನೆ. ಅದರಲ್ಲಿ ಒಂದು ಕಾಸಾದರೂ ಹಾಸನದ ಬಾನು ಮುಷ್ತಾಕ್ ಅವರ ಕಥೆಗೆ ಹೋಗಿರಬಹುದು ಅನ್ನಿಸಿದಾಗ ಕಣ್ಣು ತುಂಬಿ ಬಂತು.

ಪುಸ್ತಕ ತಂದ ಆಂಡ್ ಅದರ್ ಸ್ಟೋರೀಸ್ ನಮ್ಮ ಶೆಫೀಲ್ಡ್‌ನದೇ ಒಂದು ಚಿಕ್ಕ ಪ್ರಕಾಶನ. ಅದಕ್ಕೂ ಆರ್ಟ್ಸ್ ಕೌನ್ಸಿಲ್ ನೆರವಿದೆ. 2025ರ ಮೇ 20ರ ರಾತ್ರಿ ಲಂಡನ್ನಿನ ಟೇಟ್ ಮಾಡರ್ನ್‌ನಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ಈ ಪುಸ್ತಕಕ್ಕೆ ಅಂತ ಘೋಷಣೆಯಾಯಿತು. 50,000 ಪೌಂಡ್ ಬಹುಮಾನ ಲೇಖಕಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಸಮಸಮ. ಆ ರಾತ್ರಿ ನಾವು ನಾಲ್ಕು ಮನೆಯವರು ಒಬ್ಬರಿಗೊಬ್ಬರು ಫೋನ್ ಮಾಡಿ ಕೂಗಾಡಿದೆವು. ಆದರೆ ನನ್ನ ಮನಸ್ಸಿನಲ್ಲಿ ಜಾಸ್ತಿ ಉಳಿದದ್ದು ಆ ರಾತ್ರಿಗಿಂತ ಒಂದು ವರ್ಷ ಹಿಂದಿನ ಸಂಗತಿ.

2024ರಲ್ಲಿ ಇಂಗ್ಲೆಂಡಿನ ಓದುಗರಿಗೆ ಬಾನು ಮುಷ್ತಾಕ್ ಯಾರೆಂದು ಗೊತ್ತಿರಲಿಲ್ಲ. ಕನ್ನಡ ಅಂದರೆ ಏನು ಅಂತಲೇ ಇಲ್ಲಿ ನನ್ನ ಜೊತೆ ಕೆಲಸ ಮಾಡುವ ಅರ್ಧಕ್ಕರ್ಧ ಜನಕ್ಕೆ ಗೊತ್ತಿಲ್ಲ. ಅಂಥ ಹೊತ್ತಿನಲ್ಲಿ ಈ ಅನುವಾದಕ್ಕೆ ಪೆನ್ ನೆರವು ಸಿಕ್ಕಿತು. ಅದರ ನಿಯಮ ಸರಳವಾಗಿದೆ. ಅನುವಾದದ ಖರ್ಚಿನ ಮುಕ್ಕಾಲು ಪಾಲಿನವರೆಗೆ ಕೊಡುತ್ತಾರೆ. ಪ್ರಕಾಶಕರು ತೀರಾ ಚಿಕ್ಕವರಾದರೆ ಪೂರ್ತಿಯನ್ನೂ ಕೊಡಬಹುದು. ಅನುವಾದಕರ ಕೂಲಿಯನ್ನು ಕೂಲಿ ಅಂತಲೇ ಲೆಕ್ಕ ಹಾಕುತ್ತಾರೆ. ಗೆದ್ದ ಮೇಲೆ ಕೊಟ್ಟ ಗೌರವಧನ ಅಲ್ಲ ಇದು. ಗೆಲ್ಲುತ್ತದೋ ಇಲ್ಲವೋ ಗೊತ್ತಿಲ್ಲದಿರುವಾಗ ಕೊಟ್ಟ ಮುಂಗಡ.

ನಮ್ಮಲ್ಲಿ ಗೆಲುವಿನ ಸುದ್ದಿ ಬಂದ ಮೇಲೆ ವಿಧಾನಸೌಧದಲ್ಲಿ ಇಬ್ಬರಿಗೂ ಸನ್ಮಾನವಾಯಿತು. ತಲಾ 10 ಲಕ್ಷ ರೂಪಾಯಿ ಘೋಷಿಸಿದರು. ನನಗೆ ಅದು ಸಂತೋಷದ ವಿಷಯವೇ. ಬರಹಗಾರ್ತಿಯರನ್ನು ಒಂದು ಸರ್ಕಾರ ಹೀಗೆ ಕರೆದು ಕೂರಿಸುವುದು ಎಷ್ಟು ಕಡೆ ಇದೆ? ಇಂಗ್ಲೆಂಡಿನಲ್ಲಿ ಬೂಕರ್ ಗೆದ್ದರೂ ಪ್ರಧಾನಿ ಶಾಲು ಹೊದಿಸುವುದಿಲ್ಲ. ಆದರೆ ಬಾನು ಅವರು ಕಥೆ ಬರೆಯಲು ಶುರು ಮಾಡಿ ದಶಕಗಳೇ ಆಗಿದ್ದವು. ಈ ಪುಸ್ತಕದ ಹನ್ನೆರಡು ಕಥೆಗಳು 1990ರಿಂದ 2023ರವರೆಗಿನವು. ಅಷ್ಟು ವರ್ಷ ಇವು ಕನ್ನಡದಲ್ಲಿ ಇದ್ದವಲ್ಲ? ಕೋಣೆಯಲ್ಲಿ ಕೂತು ಸಾಲುಸಾಲಾಗಿ ಅನುವಾದ ಮಾಡುವವರಿಗೆ ಆಗಲೇ ಆರು ತಿಂಗಳ ಅನ್ನ ನೋಡಿಕೊಂಡಿದ್ದರೆ ಎಷ್ಟು ಬೇಗ ಹೊರಗೆ ಬರುತ್ತಿದ್ದವು ಅನ್ನಿಸುತ್ತದೆ.

ನಾನು ಸಾಗರದ ಕಡೆಯವನು. ನಮ್ಮೂರಲ್ಲಿ ಒಂದು ಹವ್ಯಾಸಿ ನಾಟಕ ತಂಡ ಇದೆ. ಹಗಲು ತೋಟ, ಶಾಲೆ, ಸೊಸೈಟಿ ಕೆಲಸ. ಸಂಜೆ ತಾಲೀಮು. ನಮ್ಮ ಚಿಕ್ಕಪ್ಪ ಅದರ ಖಜಾಂಚಿ. ಒಂದು ವರ್ಷ ಸರ್ಕಾರದ ಅನುದಾನಕ್ಕೆ ಅರ್ಜಿ ಹಾಕಿದರು. ಫೋಟೊ, ವರದಿ, ಪತ್ರಿಕೆಯ ಕತ್ತರಿಕೆ, ಖರ್ಚಿನ ಬಿಲ್ಲು, ಎಲ್ಲ ಲಗತ್ತಿಸಬೇಕಿತ್ತು. ಅಂದರೆ ನಾಟಕ ಮೊದಲು ಆಡಿ ಮುಗಿಸಿರಬೇಕು! ಅವರು ಆಡಿದರು. ಪೆಂಡಾಲಿಗೆ, ಲೈಟಿಂಗ್‌ಗೆ ಕೈಯಿಂದ ಹಾಕಿದರು. ದುಡ್ಡು ಬರುವ ಹೊತ್ತಿಗೆ ಎರಡು ಮಳೆಗಾಲ ಕಳೆದಿತ್ತು. ನಾಯಕನ ಪಾತ್ರ ಮಾಡಿದ ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಹೋಗಿಯಾಗಿತ್ತು. ಅಡಿಕೆ ತೋಟ ಇರುವ ಯಾರನ್ನು ಬೇಕಾದರೂ ಕೇಳಿ, ಸೊಪ್ಪು ಗೊಬ್ಬರ ಯಾವಾಗ ಹಾಕಬೇಕು ಅಂತ. ಫಸಲು ಬಂದರೆ ನೋಡೋಣ ಅಂತ ಯಾರೂ ಹೇಳುವುದಿಲ್ಲ.

ಇಂಗ್ಲೆಂಡಿನಲ್ಲಿ ಆರ್ಟ್ಸ್ ಕೌನ್ಸಿಲ್ ಕೊಡುವ ಲಾಟರಿ ಹಣದ ಯೋಜನಾ ಅನುದಾನ 1,000 ಪೌಂಡ್‌ನಿಂದ ಶುರುವಾಗುತ್ತದೆ. ಸಂಸ್ಥೆಯೇ ಆಗಬೇಕೆಂದಿಲ್ಲ, ಒಬ್ಬ ಕಲಾವಿದೆಯೂ ಕೇಳಬಹುದು. ಮುಂದೆ ಏನು ಮಾಡುತ್ತೀರಿ ಅಂತ ಕೇಳುತ್ತಾರೆ. ಅದರ ಮೇಲೆ ತೀರ್ಮಾನ. ಕೆಲಸ ಶುರುವಾಗುವ ಮೊದಲೇ ಒಂದು ಪಾಲು ಕೈಗೆ ಬರುತ್ತದೆ. ಕೊಟ್ಟವರ ಗುರುತಾಗಿ ಒಂದು ಲಾಂಛನ ಹಾಕಿದರೆ ಸಾಕು. ನಮ್ಮ ಸರ್ಕಾರಿ ಆಮಂತ್ರಣ ಪತ್ರಿಕೆ ನೆನಪಿದೆಯಲ್ಲ? ಉದ್ಘಾಟನೆ, ಅಧ್ಯಕ್ಷತೆ, ಘನ ಉಪಸ್ಥಿತಿ, ವಿಶೇಷ ಆಹ್ವಾನಿತರು. ಶಿಷ್ಟಾಚಾರದ ಪ್ರಕಾರ ಒಂದು ಹೆಸರೂ ಬಿಡುವಂತಿಲ್ಲ. ಹಾಡುವವರ ಹೆಸರು ಕೆಳಗೆಲ್ಲೋ ಇರುತ್ತದೆ. ನನಗೆ ಅದು ಪ್ರತಿ ಸಲವೂ ನೋವು ಕೊಡುತ್ತದೆ.

ಹಾಗಂತ ಇಲ್ಲಿ ಎಲ್ಲ ಸರಿಯಾಗಿದೆ ಅಂತ ಹೇಳಲಾರೆ. 1946ರಲ್ಲಿ ಆರ್ಟ್ಸ್ ಕೌನ್ಸಿಲ್ ಶುರುವಾದಾಗ ಅದರ ಹಿಂದೆ ಇದ್ದವರು ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೀನ್ಸ್. ಸರ್ಕಾರ ದುಡ್ಡು ಕೊಡಬೇಕು, ಯಾರಿಗೆ ಅಂತ ಹೇಳಬಾರದು ಎಂಬುದು ಅದರ ಜೀವಾಳ. 2022ರಲ್ಲಿ ಸರ್ಕಾರಕ್ಕೂ ಕೌನ್ಸಿಲ್ಲಿಗೂ ನಡುವಿನ ಆ ಅಂತರ ಎಷ್ಟು ತೆಳು ಅಂತ ಗೊತ್ತಾಯಿತು. ಲಂಡನ್ನಿನಿಂದ ಹಣವನ್ನು ಹೊರಗಿನ ಊರುಗಳಿಗೆ ಕಳಿಸಿ ಅಂತ ಸಚಿವೆಯೇ ಸೂಚನೆ ಕೊಟ್ಟರು. ಲಂಡನ್ನಿನ ಸಂಗೀತ ನಾಟಕ ಸಂಸ್ಥೆ ಇಂಗ್ಲಿಷ್ ನ್ಯಾಷನಲ್ ಒಪೆರಾಕ್ಕೆ ವರ್ಷಕ್ಕೆ 1.26 ಕೋಟಿ ಪೌಂಡ್ ಬರುತ್ತಿದ್ದದ್ದು ನಿಂತೇಹೋಗುವ ಸ್ಥಿತಿ ಬಂತು. ಕೊನೆಗೆ ಅವರು ಮ್ಯಾಂಚೆಸ್ಟರ್ ಕಡೆಗೆ ಮುಖ ಮಾಡಬೇಕಾಯಿತು. ಉತ್ತರದ ಊರಲ್ಲಿರುವ ನನಗೆ ಹಣ ಈ ಕಡೆ ಬಂದದ್ದು ಖುಷಿಯೇ. ಆದರೆ ಹಾಡುಗಾರರ ಕೆಲಸದ ಜೊತೆ ಹೀಗೆ ಆಡಬಾರದಿತ್ತು. ಬರ್ಮಿಂಗ್‌ಹ್ಯಾಮ್ ನಗರಸಭೆಯಂತೂ 2023ರಲ್ಲಿ ದುಡ್ಡಿಲ್ಲ ಅಂತ ಕೈಯೆತ್ತಿದ ಮೇಲೆ ಕಲೆಯ ಅನುದಾನವನ್ನೇ ಕಡಿದುಹಾಕಿತು.

ಪಕ್ಕದ ಐರ್ಲೆಂಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2022ರಲ್ಲಿ 2,000 ಕಲಾವಿದರನ್ನು ಆರಿಸಿ ವಾರಕ್ಕೆ 325 ಯೂರೊ ಕೊಡಲು ಶುರು ಮಾಡಿದರು, ಮೂರು ವರ್ಷ. ಕರ್ನಾಟಕದಲ್ಲೂ ಕಲಾವಿದರಿಗೆ ಮಾಸಾಶನ ಇದೆ. ಒಳ್ಳೆಯ ಯೋಜನೆ. ಆದರೆ ಅದು ವಯಸ್ಸಾದ ಮೇಲೆ, ಗೆಜ್ಜೆ ಬಿಚ್ಚಿಟ್ಟ ಮೇಲೆ. ಐರ್ಲೆಂಡಿನವರು ದುಡಿಯುವ ವಯಸ್ಸಿನಲ್ಲೇ ಕೊಟ್ಟರು.

ನಮ್ಮಲ್ಲಿ ದಾರಿ ಇಲ್ಲ ಅಂತಲ್ಲ. ನಮ್ಮೂರಿಂದ ಸ್ವಲ್ಪ ದೂರದಲ್ಲೇ ಹೆಗ್ಗೋಡು ಇದೆ. 1949ರಲ್ಲಿ ಹಳ್ಳಿಯ ಜನ ಕೂಡಿ ಕಟ್ಟಿದ ನೀನಾಸಂ, 1985ರಿಂದ ತಿರುಗಾಟ. ಹುಡುಗ ಹುಡುಗಿಯರು ತಿಂಗಳುಗಟ್ಟಲೆ ಊರೂರು ಸುತ್ತಿ ನಾಟಕ ಆಡುತ್ತಾರೆ. ನಾನು ಶೇಕ್ಸ್‌ಪಿಯರ್‌ನನ್ನು ಮೊದಲು ನೋಡಿದ್ದು ಅಲ್ಲಿ, ಕನ್ನಡದಲ್ಲಿ. ಇಲ್ಲಿನ ಕ್ರೂಸಿಬಲ್ ರಂಗಮಂದಿರದಲ್ಲಿ ಕೂತಾಗಲೂ ನನಗೆ ಅದೇ ನೆನಪಾಗುತ್ತದೆ. ಇನ್ನು ಗ್ರಂಥಾಲಯ. ಕರ್ನಾಟಕದಲ್ಲಿ ಆಸ್ತಿ ತೆರಿಗೆಯ ಜೊತೆ ನೂರಕ್ಕೆ ಆರು ರೂಪಾಯಿ ಗ್ರಂಥಾಲಯ ಕರ ಕಟ್ಟುತ್ತೇವೆ. ಪುಸ್ತಕಕ್ಕೆಂದೇ ಜನ ಕಟ್ಟುವ ಅಂಥ ಕರ ಇಂಗ್ಲೆಂಡಿನಲ್ಲಿ ಇಲ್ಲ, ಇಲ್ಲಿ ಎಷ್ಟೋ ಗ್ರಂಥಾಲಯಗಳು ಮುಚ್ಚಿವೆ. ಆ ಕರ ಸರಿಯಾಗಿ, ಸಮಯಕ್ಕೆ ಗ್ರಂಥಾಲಯದ ಕೈ ಸೇರಿದರೆ ಕನ್ನಡದ ಚಿಕ್ಕ ಪ್ರಕಾಶಕರು ಯಾರ ಮುಂದೆಯೂ ನಿಲ್ಲಬೇಕಿಲ್ಲ. ಅದರಲ್ಲೇ ಒಂದು ಪಾಲು ತೆಗೆದು ಅನುವಾದಕರಿಗೆ ಮುಂಗಡ ಕೊಡಬಹುದಲ್ವಾ?

2025ರ ಮೈಸೂರು ದಸರಾ ಉದ್ಘಾಟನೆಯ ಗಲಾಟೆಯನ್ನು ನಾನು ಇಲ್ಲಿಂದಲೇ ದಿನಾ ಓದಿದೆ. ಮುಸ್ಲಿಮರಾದ ಬಾನು ಮುಷ್ತಾಕ್ ಉದ್ಘಾಟಿಸಬಾರದು ಅಂತ ಕೆಲವರು ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋದರು. ಎರಡೂ ಕಡೆ ಅರ್ಜಿ ಬಿದ್ದುಹೋಯಿತು. ಸೆಪ್ಟೆಂಬರ್ 22ರಂದು ಚಾಮುಂಡಿ ಬೆಟ್ಟದಲ್ಲಿ ಅವರೇ ಉದ್ಘಾಟಿಸಿದರು. 2017ರಲ್ಲಿ ಕವಿ ನಿಸಾರ್ ಅಹಮದ್ ಅವರೂ ಮಾಡಿದ್ದರು. ಮನಸ್ಸಿಗೆ ಬೇಜಾರಾದದ್ದು ಬೇರೆ ಕಾರಣಕ್ಕೆ. ನಾನು ಓದಿದ ಅಷ್ಟೂ ವಾದದಲ್ಲಿ ಕಥೆಗಳ ಸುದ್ದಿಯೇ ಇರಲಿಲ್ಲ. ಬರಹಗಾರರಿಗೆ ಸರ್ಕಾರ ಕೊಡುವ ದೊಡ್ಡ ವಸ್ತು ವೇದಿಕೆಯೇ ಆದಾಗ, ವೇದಿಕೆ ಯಾರದ್ದು ಎಂಬ ಜಗಳವೂ ಅದರ ಬೆನ್ನಿಗೇ ಬರುತ್ತದೆ. ಸುಮ್ನೆ ಬ್ಯಾಂಕ್ ಖಾತೆಗೆ ಹೋಗುವ ಮುಂಗಡಕ್ಕೆ ವೇದಿಕೆ ಬೇಕಿಲ್ಲ.

ಮೊನ್ನೆ ಚಿಕ್ಕಪ್ಪನಿಗೆ ಫೋನ್ ಮಾಡಿದ್ದೆ. ಈ ಸಲ ಹೊಸ ನಾಟಕ, ಇಬ್ಬರು ಹೆಣ್ಣುಮಕ್ಕಳು ಮುಖ್ಯ ಪಾತ್ರದಲ್ಲಿದ್ದಾರಂತೆ. ಅರ್ಜಿ ಹಾಕಿದ್ದೀರಾ ಅಂತ ಕೇಳಿದೆ. “ಹಾಕಿದೀವಿ ಮಾರಾಯ. ಲೈಟಿಂಗ್‌ನವನಿಗೆ ಮುಂಗಡ ನಾವೇ ಕೊಟ್ಟಾಯ್ತು” ಅಂದರು.