ಮೇಜಿನ ಮೇಲೆ ಇಡಲಾಗಿದೆ

ಮಾನ್ಯರು ಲೋಕಸಭೆಯಲ್ಲಿ ಗುಡುಗಿದ್ದಾರೆ. ನಮ್ಮ ಕೇರಳದ ಕಾಸರಗೋಡಿನಲ್ಲಿ ಕುಂಬಳೆಯಿಂದ ಪೆರ್ಲದವರೆಗೆ ಎಲ್ಲರ ಮೊಬೈಲಿಗೂ ವಿಡಿಯೋ ಬಂದಿದೆ. ಹಿಂದೆ ಚೆಂಡೆ, ಮೂಲೆಯಲ್ಲೊಂದು ಸಿಂಹದ ಚಿತ್ರ, ನಡುವೆ ಮಾನ್ಯರು. ಗುಡುಗು ಎರಡು ನಿಮಿಷ ಪೂರ್ತಿ ಇಲ್ಲ. ಅದರಲ್ಲೂ ಅವಕಾಶ ಕೊಟ್ಟದ್ದಕ್ಕೆ ಸಭಾಧ್ಯಕ್ಷರಿಗೆ ಧನ್ಯವಾದ ಹೇಳಿಯೇ ಅರ್ಧ ಸಮಯ ಮುಗಿಯಿತು. ವಿಷಯಕ್ಕೆ ಬರುವಷ್ಟರಲ್ಲಿ ಮೈಕ್ ಆಫ್. ಆಮೇಲೂ ಕೈ ಆಡುತ್ತಿತ್ತು, ಬಾಯಿ ಆಡುತ್ತಿತ್ತು. ಸರಿಯಾಗಿ ಅಲ್ಲಿಗೇ ಚೆಂಡೆಯ ಸದ್ದು ಜೋರು ಮಾಡಿದ್ದಾರೆ. ಎಡಿಟಿಂಗ್ ಮಾಡಿದ ಹುಡುಗನಿಗೊಂದು ಶಾಲು ಹೊದಿಸಬೇಕು.

ಈ ಮಾನ್ಯರು ಯಾರು ಅಂತ ಹುಡುಕಬೇಡಿ. ಎಲ್ಲ ಪಕ್ಷಗಳಿಂದ ಒಂದೊಂದು ತುಂಡು ತಂದು ನಾನೇ ಹೊಲಿದ ಮನುಷ್ಯ. ಯಾರಿಗಾದರೂ ಅಳತೆ ಸರಿಹೊಂದಿದರೆ ಅದು ದರ್ಜಿಯ ತಪ್ಪಲ್ಲ.

ಮಾನ್ಯರ ಮೆಚ್ಚಿನ ವಿಷಯ ರೈಲು. ಬಜೆಟ್ ಚರ್ಚೆಗೆ ಎದ್ದರೂ ರೈಲು, ರಾಷ್ಟ್ರಪತಿಗಳ ಭಾಷಣಕ್ಕೆ ವಂದನೆ ಸಲ್ಲಿಸಲು ಎದ್ದರೂ ರೈಲು. ಚಂದ್ರಯಾನದ ಚರ್ಚೆ ಬಂದರೆ ರಾಕೆಟ್ಟಿಗೂ ಉಪ್ಪಳದಲ್ಲಿ ಒಂದು ನಿಲುಗಡೆ ಕೇಳಿಯಾರು. ಕೇಳಬಾರದು ಅಂತಲ್ಲ. ಉಪ್ಪಳದಲ್ಲಿ ಇಳಿಯಬೇಕಾದವರು ಮಂಗಳೂರಿನವರೆಗೆ ಹೋಗಿ ಬಸ್ಸಿನಲ್ಲಿ ಹಿಂದೆ ಬರುವ ಕಷ್ಟ ನಮಗೇ ಗೊತ್ತು. ಆದರೆ ರೈಲ್ವೆಯ ಉತ್ತರ ಬಾಯಿಪಾಠವಾಗಿದೆಯಲ್ಲ: ನಿಲುಗಡೆ ಕೊಡುವುದು ನಿರಂತರ ಪ್ರಕ್ರಿಯೆ, ಪ್ರಯಾಣಿಕರ ಸಂಖ್ಯೆ ಮತ್ತು ಕಾರ್ಯಸಾಧ್ಯತೆ ನೋಡಿ ತೀರ್ಮಾನಿಸಲಾಗುವುದು. ಕಾಞಂಗಾಡಿನಿಂದ ಪಾಣತ್ತೂರು ದಾರಿಯಾಗಿ ಕರ್ನಾಟಕದ ಕಾಣಿಯೂರಿಗೆ ರೈಲು ಹಾಕುವ ಮಾತು ಕೇಳಿ ಕೇಳಿ ಒಂದು ತಲೆಮಾರಿಗೇ ವಯಸ್ಸಾಯಿತು. ಮಲೆನಾಡಿನ ಕಾಡಿನಲ್ಲಿ ಹಳಿ ಇಲ್ಲ. ಭಾಷಣದಲ್ಲಿ ಮಾತ್ರ ರೈಲು ತಪ್ಪದೆ ಓಡುತ್ತಿದೆ.

ಸದನದಲ್ಲಿ ಮಾತನಾಡದೆಯೂ ವಿಷಯ ಎತ್ತುವ ಸೌಕರ್ಯ ಉಂಟು. ಅದು ಲೋಕಸಭೆಯ ನಿಯಮ 377. ಸುಮಾರು 250 ಪದಗಳ ಒಂದು ಚೀಟಿ. ಓದಲು ಪುರುಸೊತ್ತಿಲ್ಲದ ದಿನ ಎಲ್ಲರೂ ತಮ್ಮ ತಮ್ಮ ಚೀಟಿಯನ್ನು ಮೇಜಿನ ಮೇಲೆ ಇಟ್ಟರೆ ಸಾಕು, ಮಂಡಿಸಿದಂತೆ ಲೆಕ್ಕ. ಇನ್ನೊಬ್ಬರು ಶೂನ್ಯವೇಳೆಯಲ್ಲಿ, ಅಂದರೆ ಪ್ರಶ್ನೋತ್ತರ ಮುಗಿದ ಮೇಲೆ ತುರ್ತು ವಿಷಯ ಎತ್ತುವ ಹೊತ್ತಿನಲ್ಲಿ, ಮಾತನಾಡುವಾಗ "ನನ್ನದೂ ಇದೇ ಅಭಿಪ್ರಾಯ" ಎಂದು ಹೆಸರು ಕೊಟ್ಟರೂ ಕಡತದಲ್ಲಿ ದಾಖಲಾಗುತ್ತದೆ. ಇನ್ನು ಪ್ರಶ್ನೆಗಳು. ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆ ಗುರುತಿನವು 20, ಚುಕ್ಕೆ ಇಲ್ಲದವು 230. ಚುಕ್ಕೆ ಇದ್ದರೆ ಸಚಿವರು ಎದ್ದು ನಿಂತು ಉತ್ತರಿಸಬೇಕು, ಮರುಪ್ರಶ್ನೆಯನ್ನೂ ಎದುರಿಸಬೇಕು. ಚುಕ್ಕೆ ಇಲ್ಲದಿದ್ದರೆ ಲಿಖಿತ ಉತ್ತರ, ಅದೂ ಮೇಜಿನ ಮೇಲೆ. ಉತ್ತರ ಸಿದ್ಧ ಇಲ್ಲದಿದ್ದರೆ "ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮೇಜಿನ ಮೇಲೆ ಇಡಲಾಗುವುದು" ಎಂಬ ಭರವಸೆ. ಇಂಥ ಭರವಸೆಗಳು ಏನಾದವು ಎಂದು ನೋಡಲು ಒಂದು ಸಮಿತಿ ಇದೆ. ಆ ಸಮಿತಿಯ ವರದಿಯನ್ನು ಎಲ್ಲಿಡುತ್ತಾರೆ ಅಂತ ನೀವೇ ಹೇಳಿ.

ಕಾನೂನು ಮಾಡುವ ಕೆಲಸವೂ ಇದೆಯಂತೆ. ಶುಕ್ರವಾರ ಮಧ್ಯಾಹ್ನದ ಕೊನೆಯ ಎರಡೂವರೆ ಗಂಟೆ ಖಾಸಗಿ ಸದಸ್ಯರಿಗೆ, ಅಂದರೆ ಸಚಿವರಲ್ಲದ ಸಂಸದರಿಗೆ, ಮೀಸಲು. ಹೀಗೆ ಬಂದ ಮಸೂದೆಗಳಲ್ಲಿ ಸ್ವಾತಂತ್ರ್ಯದ ನಂತರ ಪಾಸಾದದ್ದು 14, ಕೊನೆಯದು 1970ರಲ್ಲಿ. ಹಾಗಾಗಿ ಶುಕ್ರವಾರ ಮಧ್ಯಾಹ್ನ ಮಾನ್ಯರು ಊರಿನ ವಿಮಾನದಲ್ಲಿರುತ್ತಾರೆ. ಮದುವೆಗಳೆಲ್ಲ ಶನಿವಾರ, ಭಾನುವಾರವೇ ಅಲ್ವಾ?

ನಮ್ಮ ಕನ್ನಡದ ಕತೆ ಇನ್ನೂ ಚೆಂದ. ಕನ್ನಡ ಮಾಧ್ಯಮ ಶಾಲೆಗೆ ಕನ್ನಡ ಬಾರದ ಮೇಷ್ಟ್ರು ಬಂದರು ಎಂದು ನಾವು ಮಾನ್ಯರಿಗೆ ಮನವಿ ಕೊಡುತ್ತೇವೆ, ಫೋಟೋ ಸಮೇತ. ಮಾನ್ಯರು ಅದನ್ನು ದೆಹಲಿಯಲ್ಲಿ ಎತ್ತುತ್ತಾರೆ. ಸಂವಿಧಾನದ 350ಎ ವಿಧಿ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಮಾತು ಹೇಳುತ್ತದೆ. ಅದು ಸೇರಿದ್ದು 1956ರಲ್ಲಿ, ಕಾಸರಗೋಡು ಕೇರಳಕ್ಕೆ ಸೇರಿದ ವರ್ಷವೇ. ಸರಿ, ಕೇಂದ್ರ ಏನನ್ನುತ್ತದೆ? ಶಿಕ್ಷಕರ ನೇಮಕ ರಾಜ್ಯದ ಕೆಲಸ. ರಾಜ್ಯ ಇರುವುದು ತಿರುವನಂತಪುರದಲ್ಲಿ, ವಂದೇ ಭಾರತ್ ಹತ್ತಿದರೂ ಎಂಟು ಗಂಟೆ ದಾರಿ. ಅಲ್ಲಿಗೆ ಹೋದ ಶಾಸಕರು ಏನು ಮಾತನಾಡುತ್ತಾರೆ? ಉಪ್ಪಳದಲ್ಲಿ ರೈಲು ನಿಲ್ಲಿಸಬೇಕು ಎಂದು. ರೈಲಿನ ಮಾತು ವಿಧಾನಸಭೆಯಲ್ಲಿ, ಮೇಷ್ಟ್ರ ಮಾತು ಲೋಕಸಭೆಯಲ್ಲಿ. ಇಬ್ಬರೂ ಒಂದು ದಿನ ಜಾಗ ಬದಲಿಸಿಕೊಂಡರೆ ಏನಾದರೂ ನಡೆದೀತು. ಭಾಷಾ ಅಲ್ಪಸಂಖ್ಯಾತರ ಸ್ಥಿತಿ ಹೇಗಿದೆ ಎಂದು ನೋಡಲು ಆಯುಕ್ತರೂ ಇದ್ದಾರೆ. ಅವರ ವರದಿ ಸಂಸತ್ತಿಗೆ ಹೋಗುತ್ತದೆ, ಮೇಜಿಗೆ. ಆ ಮೇಜು ಯಾವ ಮರದ್ದೋ, ಇಷ್ಟು ಭಾರ ಹೊತ್ತೂ ಮುರಿದಿಲ್ಲ.

ನಮಗಾದರೂ ಬೇಕಾದದ್ದು ಎಂತ? ಮಾನ್ಯರು ದೆಹಲಿಯಲ್ಲಿ ಒಮ್ಮೆ "ಕನ್ನಡ" ಎಂದರೆ ಸಾಕು, ಇಲ್ಲಿ ಹಾರ ತಯಾರು. ವೇಷ ಕಟ್ಟದೆ ಕೂತು ಮಾತಿನಲ್ಲೇ ಯಕ್ಷಗಾನ ನಡೆಸುವ ತಾಳಮದ್ದಳೆಯ ಊರಿನವರು ನಾವು. ಅದರ ಹೆಸರಾಂತ ಮಾತುಗಾರ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ಪ್ರಶ್ನೆಗಳನ್ನು ರಾತ್ರಿಯಿಡೀ ಕೂತು ಕೇಳಿದವರು. ಆ ವಾಲಿಯ ಎದುರು ರಾಮನ ಅರ್ಥ ಹೇಳುವವರು "ಮಾಹಿತಿ ಸಂಗ್ರಹಿಸಲಾಗುತ್ತಿದೆ" ಎಂದಿದ್ದರೆ ಸಭೆ ಬಿಡುತ್ತಿತ್ತೇ? ಪ್ರಸಂಗವನ್ನು ಅಲ್ಲಿಗೇ ನಿಲ್ಲಿಸಿ ಎದ್ದು ಹೋಗುತ್ತಿದ್ದರು. ಅದೇ ನಾವು ಮಾನ್ಯರ ವಿಡಿಯೋಗೆ ಕೈಮುಗಿಯುವ ಗುರುತು ಒತ್ತಿ ಇನ್ನು ನಾಲ್ಕು ಗುಂಪಿಗೆ ಕಳಿಸುತ್ತೇವೆ.

ಬದಿಯಡ್ಕದಲ್ಲಿ ಸನ್ಮಾನ ಇಟ್ಟುಕೊಂಡಿದ್ದಾರೆ ಅಂದುಕೊಳ್ಳಿ. ಫ್ಲೆಕ್ಸಿನಲ್ಲಿ ಭಾಷಣ ಎಷ್ಟು, ಪ್ರಶ್ನೆ ಎಷ್ಟು, ಹಾಜರಿ ಶೇಕಡಾ ಎಷ್ಟು ಎಂದು ದೊಡ್ಡ ಅಕ್ಷರ. ಆ ಹಾಜರಿಯಾದರೂ ಬಹುಕಾಲ ರಿಜಿಸ್ಟರಿನಲ್ಲಿ ಸಹಿ ಹಾಕಿದ ಲೆಕ್ಕವೇ ಆಗಿತ್ತು. ಸಹಿಯ ಮೇಲೆ ಸದನದಲ್ಲಿ ಕೂತಿದ್ದರೋ ಕ್ಯಾಂಟೀನಿನಲ್ಲಿ ಕೂತಿದ್ದರೋ, ಅದು ಫ್ಲೆಕ್ಸಿನಲ್ಲಿ ಬರುವುದಿಲ್ಲ. ಹಾರ ಮುಗಿಯಿತು, ಶಾಲು ಮುಗಿಯಿತು, ಹಣ್ಣಿನ ಬುಟ್ಟಿ ಮುಗಿಯಿತು. ಅಡಿಕೆ ತೋಟದ ಅಜ್ಜ ಒಬ್ಬರು ಹಿಂದಿನ ಸಾಲಿನಿಂದ ಎದ್ದರು.

"ಇಷ್ಟೆಲ್ಲ ಪ್ರಶ್ನೆ ಕೇಳಿದ್ದೀರಿ, ಸಂತೋಷ. ಉತ್ತರ ಎಂತ ಬಂತು ಮಾರಾಯ್ರೇ?"

ವೇದಿಕೆಯಲ್ಲಿ ಸ್ವಲ್ಪ ಗುಸುಗುಸು. ಮಾನ್ಯರು ಪಿಎ ಮುಖ ನೋಡಿದರು. ಪಿಎ ಹುಷಾರಿ, ಅಲ್ಲೇ ಡೈರಿ ತೆರೆದು ಬರೆದುಕೊಂಡ.

"ಒಳ್ಳೆ ಪಾಯಿಂಟ್ ಅಜ್ಜ. ಮುಂದಿನ ಅಧಿವೇಶನದಲ್ಲಿ ಇದನ್ನೇ ಒಂದು ಪ್ರಶ್ನೆ ಹಾಕಿಸುತ್ತೇವೆ. ಲೆಕ್ಕಕ್ಕೂ ಒಂದು ಜಾಸ್ತಿ ಆಗುತ್ತದೆ."